ಕೊನೆಯ ಸಲ ಕಂಡದ್ದು

"11 ಸೆಪ್ಟೆಂಬರ್ 2024, ಬುಧವಾರ. ರಾತ್ರಿಯಿಡೀ ಜಿಟಿಜಿಟಿ. ಹಳ್ಳದ ಸಂಕದ ಆಚೆ ಸಿಳ್ಳಾರ. ಹಾಡಿದ್ದು 00:10ಕ್ಕೆ. ಅರ್ಧ ಗಂಟೆ, ಹೆಚ್ಚುಕಡಿಮೆ ಬಿಡದೆ!!"

ನನ್ನ ನೋಟ್‌ಬುಕ್ಕಿನಲ್ಲಿ ಎರಡೆರಡು ಉದ್ಗಾರ ಚಿಹ್ನೆ ಬೀಳುವುದು ಅಪರೂಪ. ಮಲಬಾರ್ ಸಿಳ್ಳಾರ ಮಲೆನಾಡಿನವರಿಗೇನೂ ಹೊಸ ಹಕ್ಕಿಯಲ್ಲ. ಹಣೆ, ಹೆಗಲಿನ ಮೇಲೆ ಹೊಳೆಯುವ ನೀಲಿ, ಉಳಿದ ಮೈಯೆಲ್ಲ ಮಸಿ. ಹಳ್ಳ ಬಿಟ್ಟು ದೂರ ಹೋಗುವ ಜೀವವಲ್ಲ. ಮಳೆಗಾಲದಲ್ಲಿ ಬೆಳಕು ಹರಿಯುವ ಮೊದಲೇ, ಉಳಿದ ಹಕ್ಕಿಗಳಿಗೆ ಇನ್ನೂ ಎಚ್ಚರವಾಗದ ಹೊತ್ತಿಗೆ, ಯಾರೋ ಹುಡುಗ ಪೂರ್ತಿ ಬಾರದ ರಾಗವೊಂದನ್ನು ಸಿಳ್ಳೆಯಲ್ಲಿ ಹುಡುಕುತ್ತ ಹೋದ ಹಾಗೆ ಹಾಡುತ್ತದೆ. ಬೆಳಗಿನ ಜಾವ ಹಾಡುವುದು ಎಲ್ಲರಿಗೂ ಗೊತ್ತು. ನಡುರಾತ್ರಿ ಅರ್ಧ ಗಂಟೆ ಹಾಡಿದ್ದನ್ನು ನಾನಂತೂ ಕೇಳಿರಲಿಲ್ಲ. ಕಿಟಕಿಯಲ್ಲಿ ಮೈಕು, ಅದಕ್ಕೆ ಸಿಕ್ಕಿಸಿದ ಹಳೆಯ ಲ್ಯಾಪ್‌ಟಾಪು, ಅರ್ಧರ್ಧ ಗಂಟೆಗೊಂದು ಕಡತ ಮಾಡಿ ಶುರುವಾದ ಹೊತ್ತನ್ನೇ ಅದಕ್ಕೆ ಹೆಸರಿಡುವ ಒಂದು ತಂತ್ರಾಂಶ. ನಾನು ನಿದ್ದೆಯಲ್ಲಿದ್ದಾಗ ಯಂತ್ರ ಬರೆದುಕೊಂಡ ಸಾಕ್ಷಿ. ಮನುಷ್ಯನ ಕಿವಿ ಸುಳ್ಳು ಹೇಳಬಹುದು, ಗಡಿಯಾರ ಯಾಕೆ ಹೇಳುತ್ತದೆ?

ಎರಡು ದಿನ ಈ ಸಂಭ್ರಮದಲ್ಲೇ ಕಳೆದೆ. ಹಕ್ಕಿ ನೋಡುವ ಗೆಳೆಯರಿಗೆ ಒಂದು ಪತ್ರವನ್ನೂ ಬರೆಯತೊಡಗಿದ್ದೆ. ಮೂರನೆಯ ದಿನ ಹೆಡ್‌ಫೋನ್ ಹಾಕಿಕೊಂಡು ಆ ಕಡತವನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತ ಕೂತಾಗ, ಇಪ್ಪತ್ತನೆಯ ನಿಮಿಷದ ಹತ್ತಿರ, ಹಾಡಿನ ಬೆನ್ನಿಗೆ, ದೂರದಲ್ಲಿ ಹಾರನ್ ಕೇಳಿತು. ಎರಡು ಗಿಡ್ಡ, ಒಂದು ಉದ್ದ. ನಮ್ಮೂರ ತಿರುವಿನಲ್ಲಿ ಆರು ಗಂಟೆಯ ಬಸ್ಸು ಹೊಡೆಯುವ ಹಾರನ್ ಅದು. ಆ ಬಸ್ಸು ನಡುರಾತ್ರಿ ಹನ್ನೆರಡೂವರೆಗೆ ಬಂದ ಚರಿತ್ರೆಯೇ ಇಲ್ಲ.

ಕಡತಗಳ ಪಟ್ಟಿಯನ್ನು ಮತ್ತೆ ನೋಡಿದೆ. ರಾತ್ರಿ ಊಟ ಮುಗಿಸಿ, ಒಂಬತ್ತು ಹತ್ತಕ್ಕೆ ನಾನೇ ಕೈಯಾರೆ ಚಾಲೂ ಮಾಡಿದ ಮೊದಲ ಕಡತದ ಹೆಸರು 15-40. ಮಧ್ಯಾಹ್ನ ಮೂರು ನಲವತ್ತು. ಎರಡು ದಿನದಿಂದ ಅದು ಪಟ್ಟಿಯ ತುದಿಯಲ್ಲೇ ಇತ್ತು. ಕಣ್ಣು ನೋಡಿತ್ತು, ತಲೆ ನೋಡಿರಲಿಲ್ಲ. ನಡುರಾತ್ರಿಯ ಸಿಳ್ಳಾರ ಬೇಕೆಂದು ಕೂತವನಿಗೆ ಮಧ್ಯಾಹ್ನದ ಜೀರುಂಡೆ ಯಾಕೆ ಕಂಡೀತು. ಲೆಕ್ಕ ಹಾಕಿದೆ. ಐದೂವರೆ ಗಂಟೆ ಹಿಂದು. ಹಾಗಾದರೆ ಹಾಡು ಶುರುವಾದದ್ದು ಬೆಳಗಿನ ಐದು ನಲವತ್ತಕ್ಕೆ, ಸಿಳ್ಳಾರ ಯಾವಾಗಲೂ ಹಾಡುವ ಹೊತ್ತಿಗೆ. ಪತ್ರವನ್ನು ಹರಿದು ಹಾಕಿದೆ.

ಬೆಂಗಳೂರಿನಲ್ಲಿರುವ ತಮ್ಮನ ಮಗನಿಗೆ ಫೋನು ಮಾಡಿದರೆ ಅವನು ನಕ್ಕ.

"ಅಯ್ಯೋ ದೊಡ್ಡಪ್ಪ, ಅದನ್ನ ಸರಿಮಾಡಿ ಬರ್ಬೇಕಿತ್ತು, ಮರೆತೇ ಹೋಯ್ತು. ನಿಮ್ಮ ಲ್ಯಾಪ್‌ಟಾಪಲ್ಲಿ ಈಗ ಎರಡು ಜನ ಇದಾರಲ್ಲ, ಇಬ್ಬರಿಗೂ ಗಡಿಯಾರ ಒಂದೇ. ಆದ್ರೆ ಇಬ್ಬರೂ ಅದನ್ನ ಬೇರೆ ಬೇರೆ ಥರ ಓದ್ತಾರೆ."

"ಅಂದ್ರೆ ಯಾರದ್ದು ತಪ್ಪು ಮಾರಾಯ?"

"ಯಾರದ್ದೂ ಅಲ್ಲ. ಅವರವರ ಸಂಪ್ರದಾಯ."

ಚೌತಿ ಹಬ್ಬಕ್ಕೆ ಬಂದವನು, ಮಾರನೆಯ ದಿನ, 8ನೇ ತಾರೀಕು ಭಾನುವಾರ, ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಮಿಂಟ್ ಹಾಕಿ ಹೋಗಿದ್ದ. ಲ್ಯಾಪ್‌ಟಾಪು 2016ರದ್ದು, ಅವನು ಪಿಯುಸಿ ಮುಗಿಸಿದ ವರ್ಷ ಕೊಂಡದ್ದು. ಒಳಗಿರುವುದು ಇಂಟೆಲ್‌ನ ಆರನೆಯ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11ಕ್ಕೆ ಇಂಟೆಲ್‌ನದ್ದಾದರೆ ಎಂಟನೆಯ ತಲೆಮಾರಿನಿಂದ ಈಚಿನದು ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಬೇಕು. ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಲ್ಲುವ ದಿನ 14 ಅಕ್ಟೋಬರ್ 2025 ಎಂದು ಮೊದಲೇ ಸಾರಿದ್ದರು. ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಸಮಯವಿತ್ತು. ಯಂತ್ರ ಗಟ್ಟಿಯಾಗಿದೆ, ಎಸೆಯಲು ಮನಸ್ಸಿಲ್ಲ. "ಈಗ್ಲೇ ಪಕ್ಕದಲ್ಲಿ ಹಾಕಿಡೋಣ ದೊಡ್ಡಪ್ಪ, ನಿಧಾನಕ್ಕೆ ರೂಢಿ ಆಗತ್ತೆ" ಎಂದ.

ಅಡಿಕೆ ಬೆಳೆಯುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆ ತೋಟ ಬದಲಿಸುವಾಗ ನಮ್ಮಲ್ಲಿ ಮೊದಲು ಕೊಡಲಿ ಎತ್ತುವುದಿಲ್ಲ. ಮುದಿ ಮರಗಳ ನಡುವೆ ಸಸಿ ನೆಡುತ್ತಾರೆ. ಐದಾರು ವರ್ಷ ಎರಡೂ ಒಂದೇ ಗೊಬ್ಬರ, ಒಂದೇ ನೀರು ಹಂಚಿಕೊಂಡು ನಿಲ್ಲುತ್ತವೆ. ಹಳೆಯದು ಮನೆಖರ್ಚು ನೋಡಿಕೊಳ್ಳುತ್ತದೆ, ಹೊಸದು ಬೇರು ನೋಡಿಕೊಳ್ಳುತ್ತದೆ.

ಆದರೆ ಲ್ಯಾಪ್‌ಟಾಪಿನ ಸಂಗತಿ ತೋಟದ ಹಾಗಲ್ಲ ಎಂಬುದು ಬೇಗ ಗೊತ್ತಾಯಿತು. ಮುದಿ ಮರ, ಸಸಿ ಎರಡೂ ಒಟ್ಟಿಗೆ ಎಚ್ಚರವಾಗಿರುತ್ತವೆ. ಇಲ್ಲಿ ಒಂದು ಎದ್ದಿರುವಾಗ ಇನ್ನೊಂದು ಪೂರ್ತಿ ಮಲಗಿರುತ್ತದೆ. ಹಳ್ಳದಂಚಿನಲ್ಲಿ ನಮ್ಮದೊಂದು ಬಗನಿ ಮರವಿದೆ. ಹಣ್ಣು ಬಿಟ್ಟಾಗ ಹಗಲು ಮಂಗಟ್ಟೆ ಬರುತ್ತದೆ, ರಾತ್ರಿ ಕಬ್ಬೆಕ್ಕು ಬರುತ್ತದೆ. ಇಬ್ಬರೂ ಒಂದೇ ಗೊನೆ ತಿನ್ನುತ್ತಾರೆ, ಒಬ್ಬರನ್ನೊಬ್ಬರು ನೋಡುವುದಿಲ್ಲ. ಒಬ್ಬರು ಬಿಟ್ಟುಹೋದದ್ದು ಮಾತ್ರ ಇನ್ನೊಬ್ಬರ ಪಾಲಿಗೆ ಬರುತ್ತದೆ: ಖಾಲಿಯಾದ ಗೊನೆಯ ತುದಿ, ಕೊಂಬೆಯ ಮೇಲಿನ ಹಿಕ್ಕೆ. ನನ್ನ ಲ್ಯಾಪ್‌ಟಾಪಿನ ಗಡಿಯಾರವೂ ಹಾಗೆ ಬಿಟ್ಟುಹೋದ ಗುರುತು.

ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಯಂತ್ರ ಆರಿಸಿದಾಗಲೂ ಅದರ ಬಲದಿಂದ ಒಂದು ಪುಟ್ಟ ಗಡಿಯಾರ ನಡೆಯುತ್ತಿರುತ್ತದೆ. ಆ ಗಡಿಯಾರಕ್ಕೆ ಊರು ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ವಿಂಡೋಸ್ ಆ ಅಂಕಿಯನ್ನು ಊರಿನ ಗಂಟೆ ಎಂದುಕೊಳ್ಳುತ್ತದೆ, ಗೋಡೆ ಗಡಿಯಾರ ನೋಡಿದ ಹಾಗೆ. ಲಿನಕ್ಸ್ ಅದನ್ನು ಗ್ರೀನಿಚ್ ಲೆಕ್ಕದ ಜಾಗತಿಕ ಸಮಯ ಎಂದುಕೊಂಡು, ಭಾರತಕ್ಕೆ ಐದೂವರೆ ಗಂಟೆ ಕೂಡಿಸಿ ನಮಗೆ ತೋರಿಸುತ್ತದೆ. ಭಾನುವಾರ ಹುಡುಗನ ಫೋನಿನ ಇಂಟರ್‌ನೆಟ್ಟಿನಲ್ಲಿ ಮಿಂಟ್ ಎದ್ದು, ಸರಿಯಾದ ಸಮಯ ತಿಳಿದುಕೊಂಡು, ಪುಟ್ಟ ಗಡಿಯಾರಕ್ಕೆ ಗ್ರೀನಿಚ್ ಗಂಟೆ ತುಂಬಿಸಿ ಮಲಗಿತು. ಮಂಗಳವಾರ ನಾನು ವಿಂಡೋಸ್ ಎಬ್ಬಿಸಿದೆ. ಅದು ಅಂಕಿಯನ್ನು ಹಾಗೇ ಓದಿತು. ಇಂಟರ್‌ನೆಟ್ ಇದ್ದಿದ್ದರೆ ವಿಂಡೋಸ್ ಎಂದಾದರೂ ತಿದ್ದಿಕೊಳ್ಳುತ್ತಿತ್ತು, ಆಮೇಲೆ ಮಿಂಟ್ ಐದೂವರೆ ಗಂಟೆ ಮುಂದೆ ಓಡುತ್ತಿತ್ತು. ನಮ್ಮಲ್ಲಿ ಮಳೆಗೆ ಇಂಟರ್‌ನೆಟ್ ಸತ್ತಿತ್ತು. ಹುಡುಗ ಫೋನಿನಲ್ಲಿ ಹೇಳಿಕೊಟ್ಟ ಒಂದೇ ಸಾಲನ್ನು ಮಿಂಟ್‌ನ ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಿದೆ. ಅಂದಿನಿಂದ ಮಿಂಟ್ ಕೂಡ ಆ ಅಂಕಿಯನ್ನು ಊರಿನ ಗಂಟೆ ಎಂದೇ ಓದುತ್ತಿದೆ. ಹೊಸದಾಗಿ ಬಂದವರು ಮನೆಯ ರೂಢಿಗೆ ಹೊಂದಿಕೊಳ್ಳಬೇಕಲ್ಲ.

ಆ ವಾರದಿಂದ ನೋಟ್‌ಬುಕ್ಕಿನ ಅಂಚಿನಲ್ಲಿ ಹಕ್ಕಿಯ ಜೊತೆ ಇನ್ನೊಂದು ದಾಖಲೆ ಶುರುಮಾಡಿದೆ. ಯಾವತ್ತು ಯಾವುದನ್ನು ಎಬ್ಬಿಸಿದೆ ಎಂದು, ವಿಂಡೋಸ್‌ಗೆ 'ವಿ', ಲಿನಕ್ಸ್‌ಗೆ 'ಲಿ', ಪಕ್ಕದಲ್ಲಿ ಕಾರಣ. ತಮಾಷೆಗೆ ಶುರುವಾದದ್ದು. ಆದರೆ ದಿನಾ ಒಂದೇ ಜಾಗದಲ್ಲಿ ಕೂತು ಏನನ್ನಾದರೂ ನೋಡುವುದು ರೂಢಿಯಾದವನಿಗೆ ಎಣಿಕೆ ಬಿಡುವುದು ಕಷ್ಟ.

ಗುಂಡಿ ಒತ್ತಿದ ಮೇಲೆ ಮೊದಲು ಬರುವುದು ಕಪ್ಪು ತೆರೆ, ಅದರಲ್ಲಿ ನಾಲ್ಕೈದು ಸಾಲು. ಗ್ರಬ್ ಎಂದು ಅದರ ಹೆಸರು. ಮೊದಲ ಸಾಲು ಮಿಂಟ್, ಕೊನೆಯ ಕಡೆಗೆ ವಿಂಡೋಸ್. ಕೆಳಗೆ ಹತ್ತರಿಂದ ಇಳಿಯುವ ಸೆಕೆಂಡು. ಅಷ್ಟರೊಳಗೆ ಬಾಣದ ಕೀಲಿ ಒತ್ತದಿದ್ದರೆ ಅದು ತಾನೇ ಮಿಂಟ್ ಎಬ್ಬಿಸುತ್ತದೆ. ಈ ಹತ್ತು ಸೆಕೆಂಡು ನೋಡಲು ಯೋಗ್ಯವಾದ ಹೊತ್ತು. ಮೊದಲ ತಿಂಗಳು ನನ್ನ ಬೆರಳು ತೆರೆ ಮೂಡುವ ಮೊದಲೇ ಕೆಳಬಾಣದ ಮೇಲೆ ಕೂತಿರುತ್ತಿತ್ತು. ಮಿಂಟ್ ಎಬ್ಬಿಸಬೇಕೆಂದೇ ಕೂತ ದಿನವೂ ಬೆರಳು ತಾನಾಗಿ ಕೆಳಗೆ ಹೋಗಿ ವಿಂಡೋಸ್ ಎದ್ದುಬಿಡುತ್ತಿತ್ತು. ಅಕ್ಟೋಬರದ ಲೆಕ್ಕ ಹೀಗಿದೆ: ವಿ 24, ಲಿ 9. ವಿಂಡೋಸಿನ ಕಾರಣಗಳಲ್ಲಿ "ರೂಢಿ" ಎಂಬ ಪದ ಹನ್ನೊಂದು ಸಲ ಬಂದಿದೆ.

ಡಿಸ್ಕಿನ ಹಂಚಿಕೆಯ ಬಗ್ಗೆ ಎರಡು ಮಾತು. ಐನೂರು ಜಿಬಿಯ ಡಿಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಿತ್ತು. ಆದರೂ ಮಿಂಟ್‌ಗೆ ಜಾಗ ಬಿಡಿಸಿಕೊಳ್ಳಲು ಹೋದರೆ ವಿಂಡೋಸ್ ಕೊಡಲೊಪ್ಪಿದ್ದು ಸ್ವಲ್ಪವೇ. ಜಾಗದ ನಟ್ಟನಡುವೆ ಕದಲಿಸಲಾಗದ ಕೆಲವು ಕಡತಗಳು ಕೂತಿದ್ದವಂತೆ. ಬೇಲಿಯಿಲ್ಲದ ಬಯಲಿನ ನಡುವಿನ ಕಂಬದ ಮೇಲೆ ಒಂದೇ ಒಂದು ಕಾಜಾಣ ಕೂತು ಇಡೀ ಬಯಲನ್ನು ತನ್ನದೆನ್ನುವ ಹಾಗೆ. ಅವನ್ನು ತಾತ್ಕಾಲಿಕವಾಗಿ ಎಬ್ಬಿಸಿದ ಮೇಲೆ ಹಂಚಿಕೆ ಆಯಿತು. ಈಗ ಎರಡೂ ಪಾಲಿನ ನಡುವೆ ಗೋಡೆಯಿದೆ. ಮಿಂಟ್‌ನಿಂದ ವಿಂಡೋಸ್ ಪಾಲಿನೊಳಗೆ ಹೋಗಿ ಓದಬಹುದು, ಬರೆಯಬಹುದು. ವಿಂಡೋಸ್‌ಗೆ ಮಾತ್ರ ತಾನಾಗಿ ಮಿಂಟ್‌ನ ಪಾಲನ್ನು ಓದಲು ಬರುವುದಿಲ್ಲ. ಅಲ್ಲೊಂದು ಹೆಸರಿಲ್ಲದ ಜಾಗ ಇದೆ ಎಂದಷ್ಟೇ ಅದಕ್ಕೆ ಗೊತ್ತು. ಇಬ್ಬರಿಗೂ ಸೇರಿದ್ದು ಡಿಸ್ಕಿನ ಆರಂಭದ ಸುಮಾರು ನೂರು ಎಂಬಿಯ ಒಂದು ಚೂರು. ಇಬ್ಬರೂ ತಮ್ಮನ್ನು ಎಬ್ಬಿಸುವ ಕಡತಗಳನ್ನು ಅಲ್ಲಿ ಬೇರೆ ಬೇರೆ ಗೂಡಿನಲ್ಲಿ ಇಟ್ಟುಕೊಂಡಿದ್ದಾರೆ. ಬೇಸಿಗೆಯ ಕೊನೆಯ ನೀರುಗುಂಡಿಯ ಹಾಗೆ, ಅಲ್ಲಿ ಜಗಳವಾಡಿದರೆ ಇಬ್ಬರಿಗೂ ಉಳಿಗಾಲವಿಲ್ಲ.

"29 ಅಕ್ಟೋಬರ್. ಮಿಂಟ್‌ನಿಂದ ವಿಂಡೋಸ್ ಪಾಲಿಗೆ ಧ್ವನಿ ಕಡತ ಒಯ್ಯಲು ನೋಡಿದೆ. ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ನಿನ್ನೆ ಸರಿಯಾಗಿತ್ತು."

ಈ ಒಗಟು ಬಿಡಿಸಲು ಮೂರು ದಿನ ಬೇಕಾಯಿತು. ಈ ಸಲ ಹುಡುಗನನ್ನು ಕೇಳಲಿಲ್ಲ. ಯಾವತ್ತು ಬಿಡುತ್ತದೆ, ಯಾವತ್ತು ಬಿಡುವುದಿಲ್ಲ ಎಂದು ಬರೆದಿಟ್ಟೆ. ವಿಂಡೋಸನ್ನು 'ರೀಸ್ಟಾರ್ಟ್' ಮಾಡಿ ಮಿಂಟ್‌ಗೆ ಬಂದ ದಿನ ಬಾಗಿಲು ತೆರೆದಿತ್ತು, 'ಶಟ್‌ಡೌನ್' ಮಾಡಿ ಬಂದ ದಿನ ಮುಚ್ಚಿತ್ತು. ಸಾಮಾನ್ಯ ಬುದ್ಧಿಗೆ ಇದು ತಿರುಗಾಮುರುಗಾ. ಶಟ್‌ಡೌನ್ ಎಂದರೆ ಪೂರ್ತಿ ನಿಲ್ಲಿಸುವುದಲ್ಲವೇ? ಓದಿ ನೋಡಿದಾಗ ತಿಳಿಯಿತು: ಬೇಗ ಏಳಲೆಂದು ವಿಂಡೋಸ್ ತನ್ನ ಒಳತಿರುಳಿನ ಸ್ಥಿತಿಯನ್ನು ಒಂದು ಕಡತದಲ್ಲಿ ಬರೆದಿಟ್ಟು ಮಲಗುತ್ತದೆ. 'ಫಾಸ್ಟ್ ಸ್ಟಾರ್ಟಪ್' ಎಂದು ಹೆಸರು. ಅದು ಸಾವಲ್ಲ, ಬೇಸಿಗೆಯಲ್ಲಿ ಬಸವನಹುಳು ಚಿಪ್ಪಿನ ಬಾಯಿಗೆ ಪೊರೆ ಬಿಗಿದುಕೊಂಡು ತೋಟದ ಕಟ್ಟೆಗೆ ಅಂಟಿ ಕೂತಿರುತ್ತದಲ್ಲ, ಆ ಥರ. ಪೊರೆಯೊಳಗೆ ಜೀವ ಇದೆ. ಆ ಹೊತ್ತಿನಲ್ಲಿ ಹೊರಗಿನವರು ಡಿಸ್ಕಿನಲ್ಲಿ ಏನಾದರೂ ಬದಲಿಸಿದರೆ, ಎದ್ದ ಮೇಲೆ ಅದರ ನೆನಪಿಗೂ ಡಿಸ್ಕಿಗೂ ತಾಳೆಯಾಗುವುದಿಲ್ಲ. ಅದಕ್ಕೇ ಲಿನಕ್ಸ್ ಬಾಗಿಲಲ್ಲೇ ನಿಂತು ನೋಡುತ್ತದೆ, ಕೈಹಾಕುವುದಿಲ್ಲ. ಆ ಸೌಕರ್ಯವನ್ನು ನಿಲ್ಲಿಸಿದ ಮೇಲೆ ವಿಂಡೋಸ್ ನಿಜವಾಗಿ ಮಲಗತೊಡಗಿತು, ಏಳುವುದು ತುಸು ತಡವಾಯಿತು.

ಬ್ಲೂಟೂತ್ ಮೌಸಿನ ವರ್ತನೆ ಇನ್ನೂ ವಿಚಿತ್ರ. ವಿಂಡೋಸಿನಲ್ಲಿ ಜೋಡಿಸಿದರೆ ಮಿಂಟ್‌ನಲ್ಲಿ ಗುರುತೇ ಇಲ್ಲದಂತೆ ಕೂರುತ್ತದೆ, ಮಿಂಟ್‌ನಲ್ಲಿ ಜೋಡಿಸಿದರೆ ವಿಂಡೋಸನ್ನು ಮರೆಯುತ್ತದೆ. ಲ್ಯಾಪ್‌ಟಾಪಿನ ವಿಳಾಸ ಎರಡು ಕಡೆಯೂ ಒಂದೇ. ಜೋಡಿಯಾಗುವಾಗ ಒಪ್ಪಿಕೊಂಡ ಗುಟ್ಟಿನ ಸಂಕೇತ ಮಾತ್ರ ಬೇರೆ, ಮೌಸ್ ನೆನಪಿಡುವುದು ಕೊನೆಯದನ್ನು. ಮಂಗಟ್ಟೆಯಷ್ಟು ಏಕನಿಷ್ಠೆ ಇಲಿಗೆ ಬೇಡವಾಗಿತ್ತು. ಪೇಟೆಯಲ್ಲಿ ವೈರು ಇರುವ ಮೌಸ್ ಕೊಂಡೆ.

ಎರಡು ದೋಣಿಯ ಮೇಲೆ ಕಾಲಿಟ್ಟವನ ಪಾಡು ಎಂದು ಮನೆಯವಳು ಆಡಿಕೊಳ್ಳುತ್ತಿದ್ದಳು. ಆದರೆ ಲಿನಕ್ಸನ್ನು ಹುಟ್ಟಿಸಿದವರೇ ಹಾಗೆ ನಿಂತಿದ್ದವರು. ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ 1991ರ ಜನವರಿಯಲ್ಲಿ ಒಂದು 386 ಕಂಪ್ಯೂಟರ್ ಕೊಂಡು ಅದರಲ್ಲಿ ಮಿನಿಕ್ಸ್ ಹಾಕಿಕೊಂಡರು. ಮಿನಿಕ್ಸ್ ಎಂದರೆ ಆಂಡ್ರ್ಯೂ ಟನೆನ್‌ಬಾಮ್ ಎಂಬ ಪ್ರಾಧ್ಯಾಪಕರು ಪಾಠಕ್ಕೆಂದು ಬರೆದ ವ್ಯವಸ್ಥೆ. ಅದರ ಪಕ್ಕದಲ್ಲಿ, ಅದರದ್ದೇ ಆಸರೆಯಲ್ಲಿ, ಲಿನಸ್ ತಮ್ಮದನ್ನು ಬರೆಯುತ್ತ ಹೋದರು. ಒಂದು ದಿನ ಮೋಡೆಮ್‌ಗೆ ಕಳಿಸಬೇಕಾದ ಡಯಲ್ ಮಾಡುವ ಆಜ್ಞೆಯನ್ನು ಕೈತಪ್ಪಿ ಹಾರ್ಡ್ ಡಿಸ್ಕಿಗೆ ಕಳಿಸಿದರು. ಮಿನಿಕ್ಸ್ ಇದ್ದ ಪಾಲು ಕೆಟ್ಟುಹೋಯಿತು. ಮತ್ತೆ ಮಿನಿಕ್ಸ್ ಹಾಕುವ ಬದಲು ಲಿನಕ್ಸನ್ನೇ ಸ್ವಂತ ಕಾಲ ಮೇಲೆ ನಿಲ್ಲಿಸಿದರು. ಈ ಕಥೆ ಅವರ ಆತ್ಮಕಥನದಲ್ಲೇ ಇದೆ. ಅವರು ದಾಟಬೇಕೆಂದು ದಾಟಿದ್ದಲ್ಲ, ಹಿಂದಿನ ದಡ ಕುಸಿಯಿತು.

ಲಿನಕ್ಸ್‌ನ ಗುರುತು ಒಂದು ಪೆಂಗ್ವಿನ್. ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಮೃಗಾಲಯದಲ್ಲಿ ಲಿನಸ್‌ಗೆ ಒಂದು ಪುಟ್ಟ ಪೆಂಗ್ವಿನ್ ಕಚ್ಚಿತ್ತಂತೆ. ಪೆಂಗ್ವಿನ್‌ಗಳಲ್ಲೇ ಅತಿ ಚಿಕ್ಕದಾದ, ನೀಲಿ ಬೆನ್ನಿನ ಆ ಜಾತಿಗೂ, 1996ರಲ್ಲಿ ಲ್ಯಾರಿ ಯೂಯಿಂಗ್ ಬರೆದ ಹಳದಿ ಕೊಕ್ಕು, ಹಳದಿ ಪಾದದ ಚಿತ್ರಕ್ಕೂ ಹೋಲಿಕೆಯೇ ಇಲ್ಲ. ಯಾವ ಕೈಪಿಡಿ ಹಿಡಿದು ಕೂತರೂ ಆ ಹಕ್ಕಿಯ ಜಾತಿ ಹೇಳಲಾಗದು. ಮಿಂಟ್ 22 ನಿಂತಿರುವುದು ಉಬುಂಟು 24.04ರ ಮೇಲೆ, ಅದರ ಅಡ್ಡಹೆಸರು ನೋಬಲ್ ನಂಬ್ಯಾಟ್. ನಂಬ್ಯಾಟ್ ಪಶ್ಚಿಮ ಆಸ್ಟ್ರೇಲಿಯಾದ ಪಟ್ಟೆ ಮೈಯ ಪ್ರಾಣಿ, ಹಗಲು ಸಂಚಾರಿ, ಗೆದ್ದಲೇ ಆಹಾರ. ಗೆದ್ದಲಿಗೆ ಎರಡು ಪೆಟ್ಟಿಗೆ ಪುಸ್ತಕ ಕಳೆದುಕೊಂಡ ನನಗೆ ಆ ಹೆಸರಿನ ಮೇಲೆ ತಕ್ಷಣ ಪ್ರೀತಿ ಹುಟ್ಟಿತು ಎಂದರೆ ತಪ್ಪಿಲ್ಲ.

ಇನ್ನೊಂದು ಸಂತೋಷ ಅಕ್ಷರಗಳ ಪಟ್ಟಿಯಲ್ಲಿ ಕಾದಿತ್ತು. ಕನ್ನಡ ಫಾಂಟುಗಳನ್ನು ಹಾಕಿಕೊಳ್ಳಲು ಹುಡುಕಿದರೆ ಸಾಲಾಗಿ ಬಂದ ಹೆಸರುಗಳು: ಗುಬ್ಬಿ, ನವಿಲು, ಕೇದಗೆ, ಮಲ್ಲಿಗೆ. ಹಿತ್ತಲಿನ ಪಟ್ಟಿಯೇ ಸರಿ. ನಮ್ಮ ಮನೆಯ ಸೂರಿನಿಂದ ಗುಬ್ಬಿ ಹೋಗಿ ಬಹಳ ವರ್ಷವಾಯಿತು, ಹಳ್ಳದಂಚಿನ ಕೇದಗೆ ಮಟ್ಟಿಯೂ ಈಗ ಇಲ್ಲ. ನಾಲ್ಕನ್ನೂ ಹಾಕಿಕೊಂಡೆ.

ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಮಿಂಟ್‌ನಲ್ಲೂ ಸಿಕ್ಕಿದ್ದರಿಂದ ಬೆರಳಿಗೆ ಹೊಸ ಪಾಠವಿರಲಿಲ್ಲ. ತೊಂದರೆ ಬಂದದ್ದು ಹಳೆಯ ಟಿಪ್ಪಣಿಗಳಿಂದ. 2004ರಿಂದ ಹತ್ತು ವರ್ಷ ನಾನು ಬರೆದದ್ದೆಲ್ಲ ಹಳೆಯ ನುಡಿ ಫಾಂಟಿನಲ್ಲಿ. ಮಿಂಟ್‌ನಲ್ಲಿ ಆ ಕಡತ ತೆರೆದರೆ ಕನ್ನಡ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡಿನ ಗುರುತು, ಮತ್ತೆ ಗೀಟಿನ ಎ. ಪುಟದ ತುಂಬ ಇದೇ. ಅಕ್ಷರ ಕೆಟ್ಟಿರಲಿಲ್ಲ. ಅವು ಎಂದೂ ಕನ್ನಡ ಅಕ್ಷರಗಳಾಗಿ ಉಳಿದೇ ಇರಲಿಲ್ಲ. ಇಂಗ್ಲಿಷ್ ಲಿಪಿಗೆಂದು ಮೀಸಲಿದ್ದ ಗೂಡುಗಳಲ್ಲಿ ಕನ್ನಡದ ಚೂರುಗಳನ್ನು ಇಟ್ಟು, ಫಾಂಟು ಅವಕ್ಕೆ ಕನ್ನಡದ ರೂಪ ತೊಡಿಸುತ್ತಿತ್ತು. ಕಾಗೆಗೂಡಿನ ಕೋಗಿಲೆ ಮೊಟ್ಟೆ. ಫಾಂಟು ಇಲ್ಲದ ಕಡೆ ಹೋದ ಕೂಡಲೇ ಗೂಡು ಕಾಗೆಯದ್ದು ಎಂದು ಗೊತ್ತಾಗಿಬಿಡುತ್ತದೆ. ಯುನಿಕೋಡ್ ಕನ್ನಡಕ್ಕೇ 128 ಮನೆ ಬಿಟ್ಟುಕೊಟ್ಟ ಮೇಲೆ ಈ ಹಂಗು ತಪ್ಪಿತು. ನಾನು ಬದಲಾದದ್ದು ತಡವಾಗಿ, ಹಿಂದಿನದನ್ನು ಹಾಗೇ ಬಿಟ್ಟಿದ್ದೆ. ವಿಂಡೋಸಿನಲ್ಲಿ ಆ ಫಾಂಟು ಇತ್ತು, ಹಾಗಾಗಿ ಗುಟ್ಟು ಹೊರಬಿದ್ದಿರಲಿಲ್ಲ.

ಚಳಿಗಾಲದ ರಾತ್ರಿಗಳಲ್ಲಿ ಆ ಕಡತಗಳನ್ನು ಒಂದೊಂದಾಗಿ ಯುನಿಕೋಡಿಗೆ ತಂದೆ. ಪರಿವರ್ತಿಸುವ ತಂತ್ರಾಂಶ ಬಹುಪಾಲು ಸರಿಯಾಗಿಯೇ ಮಾಡಿತು. ಅಲ್ಲೊಂದು ಇಲ್ಲೊಂದು ಅರ್ಕಾವತ್ತು ಒಂದಕ್ಷರ ಆಚೆಗೆ ಹಾರಿ ಕೂತಿತ್ತು. ಅದನ್ನು ಹಿಡಿಯಲು ಪ್ರತಿ ಸಾಲನ್ನೂ ಓದಬೇಕು. ಹೀಗೆ, ಬೇರೆ ಯಾವ ಕಾರಣಕ್ಕೂ ಓದುತ್ತಿರದಿದ್ದ ನನ್ನದೇ ಹತ್ತು ವರ್ಷವನ್ನು ಎರಡು ತಿಂಗಳಲ್ಲಿ ಓದಿದೆ.

ಓದುತ್ತ ಒಂದು ಸಂಗತಿ ಕಣ್ಣಿಗೆ ಬಿತ್ತು. ಬೂದು ಕುಂಡೆಕುಸ್ಕ ಚಳಿಗಾಲಕ್ಕೆ ಉತ್ತರದಿಂದ ನಮ್ಮ ಹಳ್ಳಕ್ಕೆ ಬರುವ ಹಕ್ಕಿ. ಬೂದು ಬೆನ್ನು, ಹಳದಿ ಹೊಟ್ಟೆ, ನಿಂತಲ್ಲಿ ನಿಲ್ಲದ ಬಾಲ. ಸಂಕದ ಕೆಳಗಿನ ಕರಿ ಬಂಡೆಯ ಮೇಲೆ ಅದು ಮೊದಲ ಸಲ ಕಂಡ ದಿನವನ್ನು ಒಂದು ವರ್ಷವೂ ತಪ್ಪದೆ ಬರೆದಿದ್ದೇನೆ. ಸೆಪ್ಟೆಂಬರ್ 14, ಸೆಪ್ಟೆಂಬರ್ 19, ಸೆಪ್ಟೆಂಬರ್ 12. ಹತ್ತು ವರ್ಷಕ್ಕೆ ಹತ್ತು ತಾರೀಕು, ಕೆಲವಕ್ಕೆ ಕೆಂಪು ಗೀಟು ಬೇರೆ. ಹೋದ ದಿನ? ಎರಡು ವರ್ಷದ್ದು ಮಾತ್ರ ಇದೆ. ಅದೂ "ಒಂದು ವಾರದಿಂದ ಕಂಡಿಲ್ಲ, ಹೋಗಿರಬೇಕು" ಎಂಬ ಅಂದಾಜು.

ಇದು ಸೋಮಾರಿತನವಲ್ಲ. ಬಂದ ದಿನ ಬಂದಿದೆ ಎಂದು ಆ ಕ್ಷಣವೇ ಗೊತ್ತಾಗುತ್ತದೆ. ಕೊನೆಯ ದಿನ, ಇದು ಕೊನೆಯ ದಿನ ಎಂದು ಹಕ್ಕಿ ಹೇಳಿ ಹೋಗುವುದಿಲ್ಲ. ಅಂದೂ ಅದು ಬಂಡೆಯ ಮೇಲೆ ಬಾಲ ಕುಣಿಸಿ, ಹುಳು ಹಿಡಿದು, ಎಂದಿನ ಹಾಗೇ ಇರುತ್ತದೆ. ಆ ತಾರೀಕು ಸಿಗಬೇಕಾದರೆ ಆಮೇಲೆ ಎಷ್ಟೋ ದಿನ ಹೋಗಿ, ನೋಡಿ, "ಇಲ್ಲ" ಎಂದು ಬರೆಯಬೇಕು. ಇಲ್ಲದ್ದನ್ನು ಬರೆಯಲು ಹೆಚ್ಚು ಸಹನೆ ಬೇಕು.

2025ರ ವಸಂತದಲ್ಲಿ ಹಟ ಹಿಡಿದು ಕೂತೆ. ಮಾರ್ಚ್ ಕೊನೆಗೆ ಕುಂಡೆಕುಸ್ಕದ ಗಂಟಲಿಗೆ ಕಪ್ಪು ಏರತೊಡಗಿತು, ಗಂಡು ಹಕ್ಕಿಯ ಮದುವೆ ಉಡುಪು. ಏಪ್ರಿಲ್ 9ರ ಬೆಳಿಗ್ಗೆ ಏಳು ಗಂಟೆಗೆ ಬಂಡೆಯ ಮೇಲಿತ್ತು. 10, ಇಲ್ಲ. 11, ಇಲ್ಲ. ಮಳೆ ಬಂದ ದಿನವೂ ಕೊಡೆ ಹಿಡಿದು ಹೋಗಿ ನೋಡಿ ಏಪ್ರಿಲ್ 30ರವರೆಗೆ ಬರೆದೆ. ಇಪ್ಪತ್ತೊಂದು "ಇಲ್ಲ". ಹಾಗಾಗಿ ಆ ವರ್ಷದ ತಾರೀಕು ಗಟ್ಟಿ: ಏಪ್ರಿಲ್ 9.

ಇದೇ ಹೊತ್ತಿಗೆ ಅಂಚಿನ 'ವಿ', 'ಲಿ'ಗಳ ಲೆಕ್ಕ ಏನಾಗಿತ್ತು ಎಂದರೆ, ಜನವರಿಯಲ್ಲಿ ವಿ 13, ಲಿ 21. ನುಡಿ ಕಡತಗಳನ್ನು ಹೋಲಿಸಿ ನೋಡಲು ವಿಂಡೋಸ್ ಬೇಕಾಗುತ್ತಿತ್ತು. ಫೆಬ್ರವರಿಯಲ್ಲಿ ಆ ಕೆಲಸ ಮುಗಿಯಿತು. ಧ್ವನಿ ಕತ್ತರಿಸುವ ಅಡಾಸಿಟಿ, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎರಡೂ ಕಡೆ ಇರುವಂಥವು, ಮೈನಾದ ಹಾಗೆ ಎಲ್ಲಿ ಬಿಟ್ಟರೂ ಬದುಕುವವು. ಒಂದೇ ಕಡೆ ಬದುಕುವುದು ಎಂದು ಉಳಿದದ್ದು ಪ್ರಿಂಟರು. ಬಹಳ ಹಳೆಯದು, ಮಿಂಟ್ ಅದನ್ನು ಗುರುತಿಸಿದರೂ ಅರ್ಧ ಪುಟಕ್ಕೇ ಕಾಗದ ಹೊರಗೆ ತಳ್ಳುತ್ತಿತ್ತು. ಏಪ್ರಿಲಿನಲ್ಲಿ ವಿ 3, ಮೂರಕ್ಕೂ ಕಾರಣ "ಅಚ್ಚು".

ಆಮೇಲೆ ಮಳೆಗಾಲ. ಮರಗಪ್ಪೆಗಳು, ಕೊಳೆ ಔಷಧಿ, ಮತ್ತೆ ಸಿಳ್ಳಾರ. ಧ್ವನಿಮುದ್ರಣವೆಲ್ಲ ಮಿಂಟ್‌ನಲ್ಲಿ, ಗಂಟೆಯೂ ಸರಿ. ಅಂಚಿನ ಲೆಕ್ಕ ಬರೆಯುವುದನ್ನು ಯಾವಾಗ ನಿಲ್ಲಿಸಿದೆನೋ ಗೊತ್ತಿಲ್ಲ, ದಿನಾ 'ಲಿ' ಎಂದು ಬರೆಯುವುದು ಸೂರ್ಯ ಹುಟ್ಟಿದ ಎಂದು ಬರೆದಂತೆ ಅನಿಸಿರಬೇಕು.

ವಿಂಡೋಸ್ 10ರ ಬೆಂಬಲ ನಿಲ್ಲುವ ಅಕ್ಟೋಬರ್ 14 ಪತ್ರಿಕೆಯಲ್ಲಿ ಬಂತು. ಪಕ್ಕದ ತೋಟದವರು ಸಂಜೆ ಬಂದವರು ಕೇಳಿದರು: "ನಿಮ್ಮದೂ ಹತ್ತೇ ಅಲ್ವಾ? ಏನ್ ಮಾಡಿದ್ರಿ?"

"ನಾನು ಬಿಟ್ಟಾಯ್ತಲ್ಲ" ಎಂದೆ.

"ಯಾವಾಗ ಬಿಟ್ರಿ?"

ಹೇಳಲು ಬರಲಿಲ್ಲ. ಅವರು ಹೋದ ಮೇಲೆ ನೋಟ್‌ಬುಕ್ ಹಿಂದಕ್ಕೆ ತಿರುವುತ್ತ ಹೋದೆ. ಸೆಪ್ಟೆಂಬರ್ 16, ಕುಂಡೆಕುಸ್ಕ ಬಂದಿದೆ, ಕೆಂಪು ಗೀಟು. ಆಗಸ್ಟ್, ಜುಲೈ, ಜೂನ್, ಅಂಚು ಖಾಲಿ. ಕೊನೆಗೆ ಸಿಕ್ಕಿತು. "21 ಮೇ. ವಿ. ಆಳಿನ ಲೆಕ್ಕ, 2 ಪುಟ ಅಚ್ಚು." ಅದರ ಮರುದಿನದ ಸಾಲು: "ಸಂಜೆ ಭಾರಿ ಸಿಡಿಲು. ಹಿತ್ತಲ ತೆಂಗು ಸುಳಿ ಸುಟ್ಟಿದೆ. ಪ್ರಿಂಟರ್ ಹೊಗೆ." ತೆಂಗಿನ ಬಗ್ಗೆ ಆಮೇಲೆ ಅರ್ಧ ಪುಟ ಬರೆದಿದ್ದೇನೆ. ಪ್ರಿಂಟರಿನ ಬಗ್ಗೆ ಆ ಎರಡು ಪದ ಬಿಟ್ಟರೆ ಏನೂ ಇಲ್ಲ. ಹೊಸದನ್ನು ಜೂನಿನಲ್ಲಿ ತಂದೆ, ಮಿಂಟ್ ಅದನ್ನು ಕೂಡಲೇ ಗುರುತಿಸಿತು. ಅದನ್ನೂ ಬರೆದಿಲ್ಲ.

ದೀಪಾವಳಿಗೆ ಹುಡುಗ ಬಂದ. "ಆ ಕಡೆಯ ಪಾಲು ಅಳಿಸ್ಲಾ ದೊಡ್ಡಪ್ಪ? ಇನ್ನೂರೈವತ್ತು ಜಿಬಿ ಸುಮ್ನೆ ಬಿದ್ದಿದೆ."

"ಒಂದು ಸಲ ಎಬ್ಬಿಸಿ ನೋಡೋಣ ತಡಿ" ಎಂದೆ.

ಕೆಳಬಾಣ ಒತ್ತಲು ಹೋದರೆ ಬೆರಳು ಹುಡುಕಿತು. ಐದು ತಿಂಗಳ ನಿದ್ದೆಯಿಂದ ಎದ್ದ ವಿಂಡೋಸ್ ಬಾಕಿ ಇದ್ದದ್ದನ್ನೆಲ್ಲ ಒಟ್ಟಿಗೇ ಇಳಿಸಿಕೊಳ್ಳಲು ಕೂತಿತು. ನಾವು ಕಾಫಿ ಕುಡಿದು ಬಂದೆವು. ಉಳಿದ ಫೋಟೋ, ಧ್ವನಿ, ಬ್ಯಾಂಕಿನ ಹಳೆ ಕಾಗದ, ಎಲ್ಲವನ್ನೂ ಹೊರಗಿನ ಎರಡು ಡಿಸ್ಕಿಗೆ ಪ್ರತಿ ಮಾಡಿ, ತೆರೆದು ಪರೀಕ್ಷಿಸಿ, ಸಂಜೆಯ ಹೊತ್ತಿಗೆ ಅಳಿಸಿದ. ಖಾಲಿಯಾದ ಪಾಲಿಗೆ ಹೆಸರು ಕೇಳಿತು. ಸಿಳ್ಳಾರ ಎಂದು ಬರೆಸಿದೆ. ಧ್ವನಿ ಕಡತಗಳೆಲ್ಲ ಈಗ ಅಲ್ಲಿವೆ, ತಾರೀಕಿನ ಸಾಲಿನಲ್ಲಿ.

2024ರ ಸೆಪ್ಟೆಂಬರ್ 11ರ ಕಡತದ ಹೆಸರು ಈಗಲೂ 00-10. "ತಿದ್ಲಾ?" ಎಂದು ಹುಡುಗ ಕೇಳಿದ. ಬೇಡ ಎಂದೆ. ಇಪ್ಪತ್ತನೆಯ ನಿಮಿಷಕ್ಕೆ ಬಸ್ಸು ಬರುತ್ತದೆ.